ಗಾಡಿಯೊಳಗೆ ಹಾಡು ಬಂದ ಕಥೆ

ಮಾಸೂರು, ಅಬಲೂರು ಎಂದರೆ ಸರ್ವಜ್ಞನ ಸೀಮೆ. ಅವನ ತ್ರಿಪದಿಗಳು ನಾಡೆಲ್ಲ ಹರಡಿದ್ದು ಮೈಕಿಲ್ಲದೆ, ಬಾಯಿಂದ ಬಾಯಿಗೆ. ಇವತ್ತು ಅದೇ ಸೀಮೆಯ ರಸ್ತೆಯಲ್ಲಿ ಕಾರು ಬರುವ ಮೊದಲೇ ಅದರ ಹಾಡು ಬರುತ್ತದೆ. ಗಾಡಿಯೊಳಗೆ ಈ ಹಾಡು ಬಂದದ್ದು ಹೇಗೆ?

ಕಥೆ ಶುರುವಾಗುವುದು ಅಮೆರಿಕದ ಶಿಕಾಗೊದಲ್ಲಿ. 1930ರಲ್ಲಿ ಪಾಲ್ ಗಾಲ್ವಿನ್ ಮತ್ತು ಅವರ ತಮ್ಮ ಜೋಸೆಫ್ ಕಾರಿಗೆಂದೇ ಒಂದು ರೇಡಿಯೊ ಮಾಡಿ, ಅದಕ್ಕೆ ಮೋಟರೋಲಾ ಎಂದು ಹೆಸರಿಟ್ಟರು. ಎಂಜಿನ್ನಿನ ಕಿಡಿಯಿಂದ ಬರುವ ಗರಗರ ಸದ್ದನ್ನು ತಡೆಯುವುದೇ ಆಗಿನ ದೊಡ್ಡ ತಲೆನೋವು. ಡ್ರೈವರನ ಗಮನ ತಪ್ಪುತ್ತದೆ, ಕಾರಿನಲ್ಲಿ ರೇಡಿಯೊ ಬೇಡ ಎಂಬ ವಾದವೂ ಆಗಲೇ ಎದ್ದಿತ್ತು. ಅಂದರೆ ಈ ಜಗಳ ಇಂದಿನದಲ್ಲ.

ನಮ್ಮಲ್ಲಿ 1935ರಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ಮೈಸೂರಿನಲ್ಲಿ ಬಾನುಲಿ ಕೇಂದ್ರ ತೆರೆದರು. ಧಾರವಾಡ ಆಕಾಶವಾಣಿ ಶುರುವಾದದ್ದು 1950ರ ಜನವರಿ 8ರಂದು. ಆಗ ಮನೆಯಲ್ಲಿ ರೇಡಿಯೊ ಇಡಲು ಲೈಸೆನ್ಸ್ ಬೇಕಿತ್ತು. ರೇಡಿಯೊ ಇದ್ದ ಮನೆಯ ಕಟ್ಟೆಗೆ ನೆರೆಹೊರೆಯವರು ತಾವಾಗಿಯೇ ಬಂದು ಕೂರುತ್ತಿದ್ದರು. ಬೇಕಾದವರು ದನಿಯ ಹತ್ತಿರ ಹೋಗುತ್ತಿದ್ದ ಕಾಲ ಅದು.

1963ರಲ್ಲಿ ಫಿಲಿಪ್ಸ್ ಕಂಪನಿ ಕ್ಯಾಸೆಟ್ ತಂದಿತು. 1980ರ ದಶಕದ ಹೊತ್ತಿಗೆ ಅದು ಹಳ್ಳಿ ಹಳ್ಳಿ ತಲುಪಿತು. ಜಾನಪದ ಹಾಡು, ಭಜನಾ ಪದ, ಧೀರೇಂದ್ರ ಗೋಪಾಲರ ಹಾಸ್ಯ ಎಲ್ಲವೂ ಲಾರಿ, ಟೆಂಪೊ ಏರಿದವು. ಆಕಾಶವಾಣಿ ಹಾಕಿದ್ದನ್ನಷ್ಟೇ ಕೇಳಬೇಕೆಂಬ ಕಟ್ಟು ಹರಿಯಿತು. ಆಮೇಲೆ ಸಿಡಿ, ಪೆನ್‌ಡ್ರೈವ್, ಬ್ಲೂಟೂತ್ ಬಂದವು. ಈಗ ದನಿಯೇ ಜನರನ್ನು ಹುಡುಕಿಕೊಂಡು ಹೋಗುತ್ತದೆ, ಬೇಕೋ ಬೇಡವೋ ಕೇಳುವುದಿಲ್ಲ.

ಇದರ ಬೆಲೆ ಏನೆಂದು ಉತ್ತರ ಕರ್ನಾಟಕದ ರಸ್ತೆಗಳಿಗೆ ಗೊತ್ತು. ಕಬ್ಬಿನ ಹಂಗಾಮಿನಲ್ಲಿ ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರಿನಲ್ಲಿ ದೊಡ್ಡ ಬಾಕ್ಸ್ ಇಟ್ಟು ಹಾಡು ಹಾಕಿದರೆ, ಹಿಂದೆ ಬರುವ ಬೈಕಿನ ಹಾರ್ನ್ ಡ್ರೈವರಿಗೆ ಕೇಳುವುದೇ ಇಲ್ಲ. ಸುಪ್ರೀಂ ಕೋರ್ಟು 2005ರ ಜುಲೈ 18ರಂದು ಶಬ್ದ ಮಾಲಿನ್ಯದ ಬಗ್ಗೆ ದೊಡ್ಡ ತೀರ್ಪು ಕೊಟ್ಟಿತು. ಆ ಅರ್ಜಿ ಹುಟ್ಟಲು ಕಾರಣ ಒಬ್ಬ ಹುಡುಗಿ. ಅತ್ಯಾಚಾರಕ್ಕೆ ಸಿಕ್ಕಿದ ಆಕೆಯ ಕೂಗು ಅಕ್ಕಪಕ್ಕದ ಲೌಡ್‌ಸ್ಪೀಕರಿನ ಹಾಡಿನಲ್ಲಿ ಯಾರಿಗೂ ಕೇಳಿಸಲಿಲ್ಲ. ಅದೇ ದಿನ ಸಂಜೆ ಆಕೆ ಬೆಂಕಿ ಹಚ್ಚಿಕೊಂಡು ಸತ್ತಳು.

2000ದ ಶಬ್ದ ನಿಯಮಗಳ ಪ್ರಕಾರ ಜನವಸತಿ ಇರುವ ಕಡೆ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ. ರಾತ್ರಿ ಎಂದರೆ 10ರಿಂದ ಬೆಳಿಗ್ಗೆ 6ರವರೆಗೆ. ಇಬ್ಬರು ಎದುರುಬದುರು ಕೂತು ಮಾತಾಡಿದರೇ ಸುಮಾರು 60 ಡೆಸಿಬಲ್ ಆಗುತ್ತದೆ.

ಹಾಗಾದರೆ ಕಾರಿಗೆ ಒಳ್ಳೆಯ ಸಿಸ್ಟಮ್ ಬೇಡವೇ? ಖಂಡಿತ ಬೇಕು. ಗಾಲ್ವಿನ್ ಸಹೋದರರು ಹುಡುಕಿದ್ದು ಗದ್ದಲವನ್ನಲ್ಲ, ಸ್ಪಷ್ಟ ದನಿಯನ್ನು. ಅಂಗಡಿಗೆ ಹೋದಾಗ ನೀವು ಹುಡುಕಬೇಕಾದದ್ದೂ ಅದನ್ನೇ. ಡಬ್ಬಿಯ ಮೇಲೆ ಪಿಎಂಪಿಒ ಎಂದು ಸಾವಿರಗಟ್ಟಲೆ ವಾಟ್ ಬರೆದಿದ್ದರೆ ಮರುಳಾಗಬೇಡಿ. ಆರ್‌ಎಂಎಸ್ ವಾಟ್ ಎಷ್ಟು ಎಂದು ಕೇಳಿ, ನಿಜವಾದ ಲೆಕ್ಕ ಅದು. ಹಾಡು ಕಿವಿಗೆ ಎರಡು ಪಟ್ಟು ಜೋರಾಗಿ ಕೇಳಬೇಕೆಂದರೆ ಸುಮಾರು ಹತ್ತು ಪಟ್ಟು ವಾಟ್ ಬೇಕು. ಆ ಓಟಕ್ಕೆ ಕೊನೆಯಿಲ್ಲ, ಬ್ಯಾಟರಿಗೂ ಭಾರ. ಅದರ ಬದಲು ಮುಂದಿನ ಬಾಗಿಲಿಗೆ ಒಳ್ಳೆಯ ಸ್ಪೀಕರ್ ಜೋಡಿ ಹಾಕಿಸಿ, ಬಾಗಿಲ ತಗಡಿನ ಒಳಗೆ ನಡುಕ ತಡೆಯುವ ಶೀಟ್ ಅಂಟಿಸಿ. ಕಡಿಮೆ ವಾಲ್ಯೂಮಿನಲ್ಲೇ ಪ್ರತಿ ಮಾತೂ ಬಿಡಿಬಿಡಿಯಾಗಿ ಕೇಳುತ್ತದೆ. ಆಂಪ್ಲಿಫೈಯರ್ ಹಾಕಿಸಿದರೆ ಬ್ಯಾಟರಿಯ ಹತ್ತಿರವೇ ಫ್ಯೂಸ್ ಇರಲಿ. ಇಲ್ಲದಿದ್ದರೆ ವೈರ್ ಶಾರ್ಟ್ ಆದಾಗ ಬೆಂಕಿಯ ಭಯ. ಊಫರಿನ ಗುಮ್ ಎನ್ನುವ ಸದ್ದನ್ನು ಗೋಡೆಯೂ ತಡೆಯದು, ಅದನ್ನು ಊರೊಳಗೆ ತಗ್ಗಿಸಿ.

ಪರೀಕ್ಷೆ ಸುಲಭ. ನಿಮ್ಮ ಹಾಡು ಹಚ್ಚಿ, ಗಾಜು ಏರಿಸಿ, ಕೆಳಗಿಳಿದು ಬಾಗಿಲು ಹಾಕಿ ಇಪ್ಪತ್ತು ಹೆಜ್ಜೆ ನಡೆಯಿರಿ. ಅಲ್ಲಿಗೂ ಹಾಡು ಕೇಳುತ್ತಿದ್ದರೆ, ಬೆಳಗಿನ ಜಾವ ಓದಲು ಎದ್ದ ಎಸ್ಸೆಸ್ಸೆಲ್ಸಿ ಹುಡುಗಿಗೂ ಹಾಸಿಗೆ ಹಿಡಿದ ಅಜ್ಜನಿಗೂ ಅದು ಕೇಳುತ್ತಿರುತ್ತದೆ. ಅವರು ಅದನ್ನು ಕೇಳಿರಲಿಲ್ಲ.