ಅಳತೆಗೆ ಸಿಗದ ಅಪಾಯ: ಬ್ರಿಟನ್ನಿನ ಪರಮಾಣು ಪರೀಕ್ಷಾ ಸೈನಿಕರ ಪದಕವನ್ನು ಕುರಿತು

ಆಸ್ಟ್ರೇಲಿಯಾದ ಮಾಂಟೆಬೆಲ್ಲೊ ದ್ವೀಪಗಳಲ್ಲಿ 1952ರ ಅಕ್ಟೋಬರ್ 3ರಂದು ಆರಂಭವಾಗಿ 1958ರವರೆಗೆ ಎಮು ಫೀಲ್ಡ್, ಮರಲಿಂಗ, ಮಾಲ್ಡನ್ ಹಾಗೂ ಕ್ರಿಸ್ಮಸ್ ದ್ವೀಪಗಳಲ್ಲಿ ಮುಂದುವರಿದ ಬ್ರಿಟಿಷ್ ವಾಯುಮಂಡಲ ಪರೀಕ್ಷೆಗಳಲ್ಲಿ ಸುಮಾರು 22,000 ಬ್ರಿಟಿಷರೂ ಅವರೊಡನೆ ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಫಿಜಿಗಳ ಸೈನಿಕರೂ ಸೇವೆ ಸಲ್ಲಿಸಿದರೆಂಬ ಬಗ್ಗೆ ಭಿನ್ನಾಭಿಪ್ರಾಯವಿಲ್ಲ. ನ್ಯೂಜಿಲೆಂಡ್ ತನ್ನ ನಾವಿಕರಿಗೆ 2002ರಲ್ಲೇ ವಿಶೇಷ ಪದಕವನ್ನು ಸ್ಥಾಪಿಸಿತು. ಬ್ರಿಟನ್ ಅಂಥ ಪದಕವನ್ನು ಘೋಷಿಸಿದ್ದು 2022ರ ನವೆಂಬರ್ 21ರಂದು. ಈ ವಿಳಂಬಕ್ಕೆ, ಸೇನಾ ಪದಕಕ್ಕೆ ಅಗತ್ಯವೆನ್ನಲಾದ ‘ಅಪಾಯ ಮತ್ತು ಕಷ್ಟ’ ಎಂಬ ಮಾನದಂಡವನ್ನು ಈ ಸೇವೆ ಮುಟ್ಟುವುದಿಲ್ಲವೆಂಬ ನಿಲುವು ಕಾರಣವಾಗಿತ್ತು. ಆ ನಿಲುವಿಗೆ ಆಧಾರವಾಗಿ ಬಳಕೆಯಾದ ವೈದ್ಯಕೀಯ ಅಂಕಿಅಂಶಗಳು ಅಷ್ಟು ಭಾರವನ್ನು ಹೊರಬಲ್ಲವೇ ಎಂಬುದು ಇಲ್ಲಿನ ಪ್ರಶ್ನೆ.

ಬ್ರಿಟನ್ನಿನ ರಾಷ್ಟ್ರೀಯ ವಿಕಿರಣ ಸಂರಕ್ಷಣಾ ಮಂಡಳಿ 1988ರಿಂದ ಪ್ರಕಟಿಸಿದ ಅಧ್ಯಯನಗಳು ಪರೀಕ್ಷೆಗಳಲ್ಲಿ ಪಾಲ್ಗೊಂಡ 21,000ಕ್ಕೂ ಹೆಚ್ಚು ಜನರನ್ನು, ಪಾಲ್ಗೊಳ್ಳದ ಸುಮಾರು ಅಷ್ಟೇ ಸಂಖ್ಯೆಯ ಸಮಕಾಲೀನ ಸೈನಿಕರೊಡನೆ ಹೋಲಿಸಿ, ಒಟ್ಟು ಮರಣ ಪ್ರಮಾಣದಲ್ಲಿ ಗಣನೀಯ ವ್ಯತ್ಯಾಸವಿಲ್ಲವೆಂದೂ ರಕ್ತ ಕ್ಯಾನ್ಸರಿನ ವಿಷಯದಲ್ಲಿ ಮಾತ್ರ ಸಂದೇಹಕ್ಕೆ ಎಡೆಯಿದೆಯೆಂದೂ ಹೇಳಿದವು. ಸೈನಿಕರನ್ನು ಸೈನಿಕರೊಡನೆಯೇ ಹೋಲಿಸಿದ್ದರಿಂದ, ಸೇನೆಗೆ ಆಯ್ಕೆಯಾದವರು ಸಾಮಾನ್ಯರಿಗಿಂತ ಆರೋಗ್ಯವಂತರೆಂಬ ಕಾರಣಕ್ಕೆ ಹುಟ್ಟುವ ದೋಷವನ್ನು ಅವು ನಿವಾರಿಸಿಕೊಂಡಿವೆ. ಈ ಶಿಸ್ತನ್ನು ಮೆಚ್ಚಲೇಬೇಕು. ಆದರೆ ತೊಡಕಿರುವುದು ಹೋಲಿಕೆಯಲ್ಲಲ್ಲ, ‘ಪಾಲ್ಗೊಂಡವರು’ ಎಂಬ ವರ್ಗದಲ್ಲಿ. ಅಣಬೆ ಮೋಡದೊಳಗೆ ಹಾದು ಮಾದರಿ ಸಂಗ್ರಹಿಸಿದ ಕ್ಯಾನ್‌ಬೆರಾ ವಿಮಾನಗಳ ಸಿಬ್ಬಂದಿ, ಮರಲಿಂಗದ ಕಲುಷಿತ ನೆಲದಲ್ಲಿ ದುಡಿದವರು, ಸ್ಫೋಟಕ್ಕೆ ಬಹು ದೂರದಲ್ಲಿ ಅಡುಗೆಮನೆ ನೋಡಿಕೊಂಡವರು, ಎಲ್ಲರೂ ಅದರಲ್ಲಿ ಒಂದೇ ಲೆಕ್ಕಕ್ಕೆ ಸೇರುತ್ತಾರೆ. ಹೀಗಾದಾಗ ಕೆಲವರಿಗೆ ತಗುಲಿದ ತೀವ್ರ ಹಾನಿಯು ಬಹುಸಂಖ್ಯಾತರ ಸುರಕ್ಷತೆಯಲ್ಲಿ ಕರಗಿ ಕಾಣದಂತಾಗುವ ಸಂಭವವಿದೆ.

ಇವರನ್ನು ಬಿಡಿಸಿ ನೋಡಲು ಬೇಕಾದ ದಾಖಲೆಯೂ ದುರ್ಬಲ. ವಿಕಿರಣಕ್ಕೆ ಕಪ್ಪಾಗುವ ಛಾಯಾಪಟಲವನ್ನು ಉಡುಪಿಗೆ ಸಿಕ್ಕಿಸುವ ಸಾಧನವಾದ ಫಿಲ್ಮ್ ಬ್ಯಾಡ್ಜನ್ನು ಕೊಟ್ಟದ್ದು ಪಾಲ್ಗೊಂಡವರಲ್ಲಿ ಕಾಲು ಭಾಗಕ್ಕೂ ಕಡಿಮೆ ಜನರಿಗೆ. ಅದು ದೇಹದ ಹೊರಗಿನಿಂದ ಬರುವ ಗಾಮಾ ಕಿರಣವನ್ನು ಮುಖ್ಯವಾಗಿ ಅಳೆಯುತ್ತದೆಯೇ ಹೊರತು, ಉಸಿರಿನೊಡನೆ ಒಳಸೇರಿ ಶ್ವಾಸಕೋಶದಲ್ಲಿ ನೆಲೆಸುವ ಪ್ಲುಟೋನಿಯಂ ಧೂಳಿನ ಆಲ್ಫಾ ಕಣಗಳನ್ನು ಗುರುತಿಸಲಾರದು. ಮರಲಿಂಗದ ತಾರಾನಾಕಿಯಲ್ಲಿ 1960ರಿಂದ 1963ರವರೆಗೆ ನಡೆದ ‘ಕಿರು ಪ್ರಯೋಗಗಳು’ 22 ಕಿಲೋಗ್ರಾಮಿನಷ್ಟು ಪ್ಲುಟೋನಿಯಂ ಚದುರಿಸಿದವೆಂಬುದನ್ನು ಇಲ್ಲಿ ನೆನೆಯಬೇಕು. ದಾಖಲೆಯ ಸೊನ್ನೆಯು ಹಲವರ ಮಟ್ಟಿಗೆ ಅಳೆಯಲಾಗದ್ದಕ್ಕೆ ಸಾಕ್ಷಿಯಾಗಿದ್ದೀತು, ಇಲ್ಲದ್ದಕ್ಕೆ ಅಲ್ಲ.

ಈ ವಾದವನ್ನು ಎಳೆಯಬಾರದಷ್ಟು ದೂರ ಎಳೆಯುವುದೂ ತಪ್ಪಾದೀತು. ಕ್ರಿಸ್ಮಸ್ ದ್ವೀಪದಲ್ಲಿದ್ದ ಬಹುಪಾಲು ಜನರಿಗೆ ತಗುಲಿದ ಪ್ರಮಾಣ ನಿಜವಾಗಿಯೂ ಅಲ್ಪವಿದ್ದಿರಬಹುದು. ಅಮೆರಿಕದ ನೆವಾಡದಲ್ಲಿ 1957ರಲ್ಲಿ ನಡೆದ ‘ಸ್ಮೋಕಿ’ ಸ್ಫೋಟದ 3,224 ಮಂದಿಯನ್ನಷ್ಟೇ ಪ್ರತ್ಯೇಕಿಸಿ ನೋಡಿದಾಗ, 3.5 ನಿರೀಕ್ಷಿತವಾಗಿದ್ದೆಡೆ 9 ರಕ್ತ ಕ್ಯಾನ್ಸರ್ ಪ್ರಕರಣಗಳು ಕಂಡುಬಂದದ್ದು ಚಿಕ್ಕ ಗುಂಪುಗಳನ್ನು ಬೇರೆಯಾಗಿ ಪರಿಶೀಲಿಸಬೇಕೆಂಬ ವಾದಕ್ಕೆ ಬಲ ಕೊಡುತ್ತದೆಯಾದರೂ, ಇಷ್ಟು ಸಣ್ಣ ಸಂಖ್ಯೆಯಲ್ಲಿ ಆಕಸ್ಮಿಕದ ಪಾತ್ರವನ್ನು ಪೂರ್ತಿ ತಳ್ಳಿಹಾಕಲಾಗದು. ಆದಕಾರಣ ಇಲ್ಲಿ ಮಂಡಿಸುವುದು ಸೀಮಿತವಾದ ಒಂದು ಮಾತು: ಹಾನಿ ಸಿದ್ಧವಾಗಿಲ್ಲವೆಂಬುದರಿಂದ ಅಪಾಯವೇ ಇರಲಿಲ್ಲವೆಂಬ ತೀರ್ಮಾನ ಹೊರಡುವುದಿಲ್ಲ.

ಪರಿಹಾರದ ಪ್ರಶ್ನೆಯೇ ಬೇರೆ. ರೋಗಕ್ಕೂ ವಿಕಿರಣಕ್ಕೂ ಇರುವ ನಂಟನ್ನು ನ್ಯಾಯಾಲಯ ಕೇಳುವುದು ಸಹಜ. ಬ್ರಿಟನ್ನಿನ ಸರ್ವೋಚ್ಚ ನ್ಯಾಯಾಲಯ 2012ರಲ್ಲಿ ಸೈನಿಕರ ದಾವೆಗಳನ್ನು ಕಾಲಮಿತಿ ಮೀರಿದವೆಂದು ತಿರಸ್ಕರಿಸಿದ್ದು ಕೂಡ ಏಳು ನ್ಯಾಯಮೂರ್ತಿಗಳಲ್ಲಿ ನಾಲ್ವರ ಬಹುಮತದಿಂದ. ಪದಕವಾದರೋ ಆಜ್ಞೆಯಂತೆ ಅಪಾಯದ ಸನ್ನಿಧಿಯಲ್ಲಿ ನಿಂತದ್ದಕ್ಕೆ ಸಲ್ಲುವ ಗೌರವ. ಯುದ್ಧರಂಗದಲ್ಲಿ ಗುಂಡು ತಗಲದೆ ಮರಳಿದವನಿಗೆ ಅದನ್ನು ಯಾರೂ ನಿರಾಕರಿಸುವುದಿಲ್ಲ. ಹಾನಿಯ ಪುರಾವೆಯನ್ನು ಕೇಳದೆ, 1952ರಿಂದ 1967ರವರೆಗೆ ಪರೀಕ್ಷಾ ಸ್ಥಳಗಳಲ್ಲಿ ಸಿದ್ಧತೆ ಮತ್ತು ಶುದ್ಧೀಕರಣದ ಕೆಲಸ ಮಾಡಿದವರನ್ನೂ ಒಳಗೊಂಡ 2022ರ ನಿಯಮವು ಈ ಭೇದವನ್ನು ಆಚರಣೆಯಲ್ಲಿ ಒಪ್ಪಿಕೊಂಡಿತು. ಮೃತರ ಹತ್ತಿರದ ಬಂಧುಗಳೂ ಅರ್ಜಿ ಹಾಕಬಹುದೆಂಬುದು ಸಮಾಧಾನದ ಸಂಗತಿಯೇ, ಆದರೆ ಅವರಲ್ಲಿ ಅನೇಕರು ಬದುಕಿದ್ದಾಗಲೇ ಇದು ದೊರೆಯಬೇಕಿತ್ತು.

ಮುಂದಿನ ತಲೆಮಾರಿನ ಪ್ರಶ್ನೆ ಇನ್ನೂ ಇತ್ಯರ್ಥವಾಗಿಲ್ಲ. ನ್ಯೂಜಿಲೆಂಡಿನ ಮ್ಯಾಸಿ ವಿಶ್ವವಿದ್ಯಾಲಯದ ಸಂಶೋಧಕರು ಸುಮಾರು 50 ನಾವಿಕರ ರಕ್ತಕಣಗಳಲ್ಲಿ ವರ್ಣತಂತುಗಳ ಸ್ಥಾನಪಲ್ಲಟವನ್ನು ಇತರರಿಗಿಂತ ಮೂರು ಪಟ್ಟಿನಷ್ಟು ಕಂಡರೆ, ಬ್ರೂನೆಲ್ ವಿಶ್ವವಿದ್ಯಾಲಯದ ಅಧ್ಯಯನಕ್ಕೆ ಬ್ರಿಟಿಷ್ ಸೈನಿಕರ ಮಕ್ಕಳಲ್ಲಿ ಹೊಸ ಆನುವಂಶಿಕ ವ್ಯತ್ಯಯಗಳ ಹೆಚ್ಚಳ ಕಾಣಲಿಲ್ಲ. ಎರಡೂ ಚಿಕ್ಕ ಮಾದರಿಗಳು; ಮೊದಲನೆಯದು ತಂದೆಯರ ರಕ್ತವನ್ನು, ಎರಡನೆಯದು ಮಕ್ಕಳಿಗೆ ದಾಟಿದ್ದನ್ನು ಪರಿಶೀಲಿಸಿದ್ದರಿಂದ ಒಂದು ಇನ್ನೊಂದನ್ನು ಖಂಡಿಸುವುದೂ ಇಲ್ಲ.