ಹಳ್ಳಿಯ ಕಡೆಯಿಂದ ಬರುತ್ತಿದ್ದ ಮನುಷ್ಯ: ಮಲೆ ಮಹದೇಶ್ವರ ಬೆಟ್ಟದ ಕೂಲಿಕಾರನ ಸ್ಮರಣೆ

ಯೇಸುವನ್ನು ಕಪಾಲಬೆಟ್ಟಕ್ಕೆ ಕರೆದೊಯ್ಯುತ್ತಿದ್ದಾಗ ಕುರೇನೆಯ ಸೀಮೋನನೆಂಬವನು ಹಳ್ಳಿಯ ಕಡೆಯಿಂದ ಬರುತ್ತಿದ್ದನು. ಸೈನಿಕರು ಅವನನ್ನು ಹಿಡಿದು ಬಲವಂತದಿಂದ ಶಿಲುಬೆಯನ್ನು ಹೊರಿಸಿದರು. ಆ ಹೊತ್ತಿನಲ್ಲಿ ಆ ದಾರಿಯಲ್ಲಿದ್ದನೆಂಬುದರ ಹೊರತು ಇದಕ್ಕೆ ಬೇರೆ ಕಾರಣವನ್ನು ಶುಭಸಂದೇಶವು ಹೇಳುವುದಿಲ್ಲ. ಆದರೆ ಮಾರ್ಕನು (15:21) ಅವನ ಹೆಸರು, ಊರು, ಇಬ್ಬರು ಮಕ್ಕಳ ಹೆಸರುಗಳನ್ನು ಬರೆದಿಟ್ಟಿದ್ದಾನೆ. ಅಧಿಕಾರವು ದುಡಿಸಿಕೊಂಡು ಮರೆತವನನ್ನು ಸಭೆಯು ನೆನಪಿನಲ್ಲಿಟ್ಟುಕೊಂಡಿತು. ಮಲೆ ಮಹದೇಶ್ವರ ಬೆಟ್ಟದ ಸುತ್ತಲಿನ ಸಾಮಾನ್ಯ ಕೂಲಿಕಾರನ ಚರಿತ್ರೆಯನ್ನು ಬರೆಯಹೊರಟವರಿಗೆ ಈ ಒಂದು ವಾಕ್ಯವೇ ಮಾದರಿಯಾಗಬಲ್ಲದು.

ಈ ಸೀಮೆಯ ಕೊಳ್ಳೇಗಾಲ ತಾಲ್ಲೂಕು 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಮದರಾಸು ಪ್ರಾಂತದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಇಲ್ಲಿ ಸೋಲಿಗರ ಪೋಡುಗಳಿವೆ, ಕನ್ನಡ ಮಾತನಾಡುವ ರೈತರ ಹಳ್ಳಿಗಳಿವೆ. ಮಾರ್ಟಳ್ಳಿಯಂಥ ಊರುಗಳಲ್ಲಿ ತಮಿಳು ಮನೆಮಾತಿನ ಕಥೋಲಿಕ ಕುಟುಂಬಗಳಿವೆ. ಭಾಷೆ ಮತ್ತು ಭಕ್ತಿ ಬೇರೆಯಾದರೂ ದುಡಿಮೆಯು ಬಹುಮಟ್ಟಿಗೆ ಒಂದೇ. ಮಳೆಯನ್ನು ನಂಬಿ ರಾಗಿ ಬಿತ್ತುವುದು, ಕುರಿ ದನ ಮೇಯಿಸುವುದು, ಮಳೆ ಕೈಕೊಟ್ಟ ವರ್ಷ ಕಲ್ಲುಗಣಿಗೋ ತೋಟಕ್ಕೋ ಕೂಲಿಗೆ ಹೋಗುವುದು. ಇಂಥ ಬದುಕು ತಾನಾಗಿ ಯಾವ ಬರಹವನ್ನೂ ಉಳಿಸಿಹೋಗುವುದಿಲ್ಲ. ಆದರೂ ಮೂರು ಕಡೆಗಳಲ್ಲಿ ಅದರ ಗುರುತು ಸಿಗುತ್ತದೆ.

ಮೊದಲನೆಯದು ಹಾಡು. ಕಂಸಾಳೆ ಹಿಡಿದ ದೇವರಗುಡ್ಡರು ಹಾಡುವ ಮಾದಪ್ಪನ ಕಾವ್ಯದಲ್ಲಿ ದೇವರೇ ಸುತ್ತೂರು ಮಠದಲ್ಲಿ ರಾಗಿ ಬೀಸುತ್ತಾನೆ. ಜೇನು ಮತ್ತು ಗೆಡ್ಡೆಗಳಿಗಾಗಿ ಕಾಡಿಗೆ ಹೋಗುವ ಸೋಲಿಗ ನೀಲೇಗೌಡ, ಅವನಿಂದ ಹಿಂಸೆಪಟ್ಟ ಸಂಕಮ್ಮ ಅಲ್ಲಿ ಮುಖ್ಯಪಾತ್ರಗಳು. ದುಡಿಮೆಯನ್ನು ಹಾಡು ಮರೆತಿಲ್ಲ. ಆದರೆ ಇಂತಿಂಥ ವರ್ಷದಲ್ಲಿ ಬಾಳಿದ ಇಂತಿಂಥ ಕೂಲಿಕಾರನ ವೃತ್ತಾಂತವನ್ನು ಅದರಲ್ಲಿ ಹುಡುಕಲಾಗದು.

ಎರಡನೆಯದು ಸರ್ಕಾರದ ಕಡತ. 1993ರ ಏಪ್ರಿಲ್ 9ರಂದು ಪಾಲಾರ್ ಬಳಿ ವೀರಪ್ಪನ್ ತಂಡವು ಸಿಡಿಸಿದ ನೆಲಬಾಂಬಿಗೆ 22 ಮಂದಿ ಬಲಿಯಾದರು. ಅದು ಶುಭ ಶುಕ್ರವಾರ. ಸತ್ತವರಲ್ಲಿ ಪೊಲೀಸರಿದ್ದರು, ಅರಣ್ಯ ಕಾವಲುಗಾರರಿದ್ದರು, ಸ್ಥಳೀಯರೂ ಇದ್ದರು. ಅವರೂ ಹೊಟ್ಟೆಪಾಡಿಗಾಗಿ ದುಡಿಯುತ್ತಿದ್ದ ಜನರೇ. ಅನಂತರದ ಕಾರ್ಯಾಚರಣೆಯಲ್ಲಿ ಬೆಟ್ಟದ ಹಳ್ಳಿಗಳ ಅನೇಕರು ಟಾಡಾ ಕಾಯಿದೆಯಡಿ ಸೆರೆಯಾದರು. ಪೊಲೀಸ್ ಅಧಿಕಾರಿಯ ಮುಂದೆ ಕೊಟ್ಟ ತಪ್ಪೊಪ್ಪಿಗೆಯನ್ನೂ ಸಾಕ್ಷ್ಯವಾಗಿ ಸ್ವೀಕರಿಸಲು ಆ ಕಾಯಿದೆಯು ಅವಕಾಶ ನೀಡಿತ್ತು. 2001ರಲ್ಲಿ ಮೈಸೂರಿನ ವಿಶೇಷ ನ್ಯಾಯಾಲಯವು ನೂರಕ್ಕೂ ಹೆಚ್ಚು ಮಂದಿಯನ್ನು ದೋಷಮುಕ್ತಗೊಳಿಸಿತು. ಆ ವೇಳೆಗೆ ಅನೇಕರ ಬಾಳಿನ ಎಷ್ಟೋ ವರ್ಷಗಳು ಸೆರೆಮನೆಯಲ್ಲಿ ಕಳೆದುಹೋಗಿದ್ದವು. ಕಾರ್ಯಪಡೆಗಳ ದೌರ್ಜನ್ಯದ ದೂರುಗಳನ್ನು ನ್ಯಾಯಮೂರ್ತಿ ಎ. ಜೆ. ಸದಾಶಿವ ಅವರ ಸಮಿತಿಯು ವಿಚಾರಿಸಿತು. 2007ರಲ್ಲಿ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವು 89 ಮಂದಿಗೆ 2.80 ಕೋಟಿ ರೂಪಾಯಿ ಪರಿಹಾರವನ್ನು ಶಿಫಾರಸು ಮಾಡಿತು. ಹೀಗೆ ಕೂಲಿಕಾರನು ಕಡತವನ್ನು ಸೇರಿದ್ದು ಆರೋಪಿಯಾಗಿ, ಇಲ್ಲವೇ ಸಂತ್ರಸ್ತನಾಗಿ. ಅವನು ಎಷ್ಟು ಹೊಲ ಉತ್ತನು, ಯಾವ ಬಾವಿ ತೋಡಿದನು ಎಂಬುದನ್ನು ಕಡತವು ಕೇಳಲಿಲ್ಲ.

ಮೂರನೆಯದು ಧರ್ಮಕೇಂದ್ರದ ಜ್ಞಾನಸ್ನಾನದ ಪುಸ್ತಕ. ಮಗುವಿನ ಹೆಸರು, ತಂದೆತಾಯಿಗಳು, ಜ್ಞಾನ ಮಾತಾಪಿತರು, ಗುರುಗಳು, ಸ್ಥಳ, ದಿನಾಂಕ ಇವೆಲ್ಲವನ್ನೂ ಬರೆಯಬೇಕೆಂದು 1983ರ ಧರ್ಮಸಭೆಯ ಕಾನೂನು ಸಂಹಿತೆಯು ವಿಧಿಸುತ್ತದೆ. ಮುಂದೆ ದೃಢೀಕರಣ, ವಿವಾಹಗಳ ವಿವರವೂ ಅದೇ ಹೆಸರಿನ ಪಕ್ಕದಲ್ಲಿ ಸೇರುತ್ತದೆ. ಇಲ್ಲಿ ಜಮೀನ್ದಾರನಿಗೂ ಜೀತಗಾರನಿಗೂ ಒಂದೇ ಅಳತೆಯ ಸಾಲು. ಯಾವ ಅಪರಾಧವನ್ನೂ ಹೊರಿಸದೆ, ಯಾವ ಕಂದಾಯವನ್ನೂ ಕೇಳದೆ ಬಡವನ ಹೆಸರನ್ನು ಬರೆದುಕೊಳ್ಳುವ ಪುಸ್ತಕವಿದು. ಆದರೂ ಇದರ ಕೊರತೆಯನ್ನು ನಾವು ಒಪ್ಪಿಕೊಳ್ಳಬೇಕು. ಹೆಸರನ್ನು ಉಳಿಸಿದ ಪುಸ್ತಕವು ಬೆವರನ್ನು ದಾಖಲಿಸಲಿಲ್ಲ. ನಮ್ಮ ಮಿಷನ್ ಚರಿತ್ರೆಗಳಲ್ಲಿ ದೇವಾಲಯವನ್ನು ಕಟ್ಟಿಸಿದ ಗುರುಗಳ ಹೆಸರು ಇರುತ್ತದೆ. ಕಲ್ಲು ಹೊತ್ತವರ ಹೆಸರು ಸಾಮಾನ್ಯವಾಗಿ ಇರುವುದಿಲ್ಲ.

ಆದುದರಿಂದ ಸಭಾ ಚರಿತ್ರೆಯ ವಿದ್ಯಾರ್ಥಿಯು ಈ ಮೂರನ್ನೂ ಒಟ್ಟಿಗೆ ಓದಬೇಕಾಗಿದೆ. ಹಾಡಿನಿಂದ ದುಡಿಮೆಯ ಘನತೆಯನ್ನು, ಕಡತದಿಂದ ಅನ್ಯಾಯದ ಕಾಲಕ್ರಮವನ್ನು, ಜ್ಞಾನಸ್ನಾನದ ಪುಸ್ತಕದಿಂದ ಹೆಸರನ್ನು ಪಡೆದು, ಉಳಿದುದನ್ನು ಊರಿನ ಹಿರಿಯರಿಂದ ಕೇಳಿ ಬರೆದುಕೊಳ್ಳಬೇಕು. ಕ್ರೈಸ್ತನಲ್ಲದ ನೆರೆಯವನ ಬಾಳನ್ನೂ ಅಷ್ಟೇ ಶ್ರದ್ಧೆಯಿಂದ ಕೇಳಬೇಕು. ಕಷ್ಟವು ಬಂದಾಗ ಅದು ಮತವನ್ನು ಕೇಳಿ ಬರಲಿಲ್ಲ. ಆ ಹಿರಿಯರು ವರ್ಷ ವರ್ಷಕ್ಕೂ ಕಡಿಮೆಯಾಗುತ್ತಿರುವುದರಿಂದ ಈ ಕೆಲಸಕ್ಕೆ ಬಹಳ ಕಾಲಾವಕಾಶವಿಲ್ಲ.

ಪ್ರತಿ ವರ್ಷ ನವೆಂಬರ್ 2ರಂದು ಧರ್ಮಸಭೆಯು ಮೃತರೆಲ್ಲರನ್ನೂ ನೆನೆಯುತ್ತದೆ. ಹೆಸರು ಹಿಡಿದು ಪ್ರಾರ್ಥಿಸುವಾಗ ಆ ಹೆಸರಿನವನು ಏನು ಕೆಲಸ ಮಾಡುತ್ತಿದ್ದನೆಂಬುದೂ ನಮಗೆ ತಿಳಿದಿರಲಿ. ಸೀಮೋನನು ಹಳ್ಳಿಯ ಕಡೆಯಿಂದ ಬರುತ್ತಿದ್ದನೆಂಬ ಚಿಕ್ಕ ವಿವರವನ್ನು ಮಾರ್ಕನು ಬಿಟ್ಟುಬಿಡಲಿಲ್ಲ.