ಬಂದಾನ, ಬಂದಾಳ, ಬರವಲ್ದು

ತಿಳವಳ್ಳಿ, ಹಾನಗಲ್ಲ ಸೀಮೆಯಲ್ಲಿ ‘ಬಂದೀನಿ’ ಅಂದರೆ ಸಾಕು, ‘ನಾ’ ಬೇಕಿಲ್ಲ. ‘ಬಂದಾನ’ ಅಂದರೆ ಅಂವ, ‘ಬಂದಾಳ’ ಅಂದರೆ ಆಕಿ, ‘ಬಂದೈತಿ’ ಅಂದರೆ ಎಮ್ಮೆಯೋ ಬಸ್ಸೋ. ಇಂಗ್ಲಿಷಿನ ಕ್ರಿಯಾಪದಕ್ಕೆ ಸಾಮಾನ್ಯವಾಗಿ ಮುಂದೊಂದು ಸರ್ವನಾಮ ಬೇಕೇ ಬೇಕು. ನಮ್ಮಲ್ಲಿ ಮಾಡಿದವರು ಯಾರೆಂಬುದನ್ನು ಕ್ರಿಯಾಪದದ ಕೊನೆಯೇ ಹೇಳುತ್ತದೆ. ಈ ನಂಟನ್ನು ಕನ್ನಡದ ವೈಯಾಕರಣರು ಎಂಟು ಶತಮಾನದಿಂದ ಬಿಡಿಸಿ ನೋಡುತ್ತ ಬಂದಿದ್ದಾರೆ.

ಎರಡನೆಯ ನಾಗವರ್ಮ ಹಾಕಿದ ದಾರಿಯಲ್ಲಿ ಮುಂದೆ ಹೋದ ಕೇಶಿರಾಜ, ಸುಮಾರು 1260ರ ‘ಶಬ್ದಮಣಿದರ್ಪಣ’ದಲ್ಲಿ ಕ್ರಿಯಾಪದದ ಕೊನೆಗೆ ಬರುವ ಆಖ್ಯಾತ ಪ್ರತ್ಯಯಗಳನ್ನು ಪುರುಷ, ವಚನಗಳಿಗೆ ತಕ್ಕಂತೆ ಜೋಡಿಸಿದ. ಅವನು ವಿವರಿಸಿದ ಹಳಗನ್ನಡದಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ನಿಷೇಧರೂಪ. ‘ನೋಡಿದಂ’ ಅಂದರೆ ನೋಡಿದನು. ನಡುವಿನ ಕಾಲಸೂಚಕವನ್ನು ತೆಗೆದು ಧಾತುವಿಗೆ ನೇರವಾಗಿ ಪ್ರತ್ಯಯ ಹಚ್ಚಿ: ‘ನೋಡಂ’. ಅವನು ನೋಡುವುದಿಲ್ಲ! ‘ಇಲ್ಲ’ ಎಂಬ ಮಾತನ್ನೇ ಆಡದೆ ಇಲ್ಲವೆನ್ನುವ ಎಂಥ ಮಿತವ್ಯಯ ಇದು. 1604ರಲ್ಲಿ ಭಟ್ಟಾಕಳಂಕ ಸಂಸ್ಕೃತದಲ್ಲಿ ಬರೆದ ‘ಕರ್ಣಾಟಕ ಶಬ್ದಾನುಶಾಸನ’ವೂ ಹಳಗನ್ನಡದ ಈ ವ್ಯವಸ್ಥೆಯನ್ನೇ ಸೂತ್ರಗಳಲ್ಲಿ ಬಿಗಿಯಿತು.

1817ರಲ್ಲಿ ವಿಲಿಯಂ ಕೇರಿಯ ಕನ್ನಡ ವ್ಯಾಕರಣ ಸಿರಾಂಪುರದಲ್ಲಿ ಅಚ್ಚಾಯಿತು. ಹೊಸ ಪ್ರಶ್ನೆ ಎತ್ತಿದವನು ಮಾತ್ರ ಕಾಲ್ಡ್‌ವೆಲ್. 1856ರ ತನ್ನ ದ್ರಾವಿಡ ಭಾಷೆಗಳ ತೌಲನಿಕ ವ್ಯಾಕರಣದಲ್ಲಿ ಅವನು ಈ ಪ್ರತ್ಯಯಗಳು ಸರ್ವನಾಮಗಳ ತುಣುಕುಗಳೇ ಎಂದು ವಾದಿಸಿದ. ‘ಅವಳು ಬಂದಳು’, ‘ಅವರು ಬಂದರು’ ಎಂದು ಹೇಳಿ ನೋಡಿದರೆ ಕಿವಿಗೇ ಅದು ಗೊತ್ತಾಗುತ್ತದೆ. ಹುಬ್ಬಳ್ಳಿ, ಧಾರವಾಡಗಳಲ್ಲಿ ಕೆಲಸ ಮಾಡಿದ ಕಿಟೆಲ್ 1872ರಲ್ಲಿ ಶಬ್ದಮಣಿದರ್ಪಣವನ್ನು ಸಂಪಾದಿಸಿದರು. 1903ರ ವ್ಯಾಕರಣದಲ್ಲಿ ಹಳೆಯ, ನಡುವಣ, ಹೊಸ ಕನ್ನಡದ ರೂಪಗಳನ್ನು ಒಟ್ಟಿಗೆ ಇಟ್ಟು ತೋರಿಸಿದರು.

ಆಡುಮಾತಿಗೆ ಸರದಿ ಬಂದದ್ದು ತಡವಾಗಿ. 1958ರಲ್ಲಿ ವಿಲಿಯಂ ಬ್ರೈಟ್ ಆಡುಗನ್ನಡದ ರೂಪರೇಖೆ ಬರೆದರು. 1961ರಲ್ಲಿ ಆರ್.ಸಿ. ಹಿರೇಮಠರ ಕನ್ನಡ ರಚನೆಯ ಅಧ್ಯಯನ ಧಾರವಾಡದಿಂದ ಹೊರಬಂತು. ಆ ದಶಕದಲ್ಲಿ ಪುಣೆಯ ಡೆಕ್ಕನ್ ಕಾಲೇಜು ನಂಜನಗೂಡು, ಗುಲ್ಬರ್ಗಗಳ ಮಾತನ್ನು ದಾಖಲಿಸಿತು. ಡಿ.ಎನ್. ಶಂಕರ ಭಟ್ಟರು ‘ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ’ ಎಂದು ಪಟ್ಟು ಹಿಡಿದರು. 2004ರ ಸರ್ವನಾಮಗಳ ಗ್ರಂಥದಲ್ಲಿ ಅವರು ‘ನಾನು, ನೀನು’ಗಳೇ ಬೇರೆ, ‘ಅವನು, ಅದು’ಗಳ ಜಾತಿಯೇ ಬೇರೆ ಎಂದು ಜಗತ್ತಿನ ಹಲವು ಭಾಷೆಗಳನ್ನು ಮುಂದಿಟ್ಟು ವಾದಿಸಿದರು.

ಇಷ್ಟೆಲ್ಲ ಆದರೂ ಶಾಲೆಯ ವ್ಯಾಕರಣದಲ್ಲಿ ನಮ್ಮ ಕಡೆಯ ಮಾತು ಇನ್ನೂ ‘ಹಳ್ಳಿ ಭಾಷೆ’. ಇದು ನ್ಯಾಯವಲ್ಲ. ಇವತ್ತಿನ ಬರಹದಲ್ಲಿ ನಾನು, ಅವಳು, ಮಳೆ ಎಲ್ಲಕ್ಕೂ ‘ಬರುವುದಿಲ್ಲ’ ಒಂದೇ. ನಿಷೇಧದಲ್ಲಿ ಪ್ರತ್ಯಯ ಬಿದ್ದುಹೋಗಿದೆ. ನಮ್ಮ ‘ಬರಂಗಿಲ್ಲ’ದಲ್ಲೂ ಅಷ್ಟೆ. ಆದರೆ ‘ಒಲ್ಲು’ ಧಾತುವಿನಲ್ಲಿ ಕೇಶಿರಾಜನ ಕಾಲದ ವ್ಯವಸ್ಥೆ ಜೀವಂತವಾಗಿದೆ: ನಾ ಒಲ್ಲೆ, ಅಂವ ಒಲ್ಲ, ಆಕಿ ಒಲ್ಲಳು, ಅವರು ಒಲ್ಲರು. ಬೇರೆ ಕ್ರಿಯಾಪದಕ್ಕೂ ಅದು ಕೂಡಿಕೊಳ್ಳುತ್ತದೆ: ಹುಡುಗ ಉಣವಲ್ಲ, ಹುಡುಗಿ ಬರವಲ್ಲಳು. ಕರೆದರೂ ಬಾರದ ಹಟ ಆ ರೂಪದಲ್ಲೇ ಇದೆ. ಬಿತ್ತಿ ಕೂತ ರೈತ ‘ಮಳಿ ಬರವಲ್ದು’ ಅಂದಾಗ ಮಳೆಗೂ ಒಂದು ಮನಸ್ಸಿದೆ ಅನ್ನಿಸುತ್ತದೆ. ‘ಮಳೆ ಬರುತ್ತಿಲ್ಲ’ ಎಂದು ತಿದ್ದಿ ಬರೆಸಿದರೆ ಆ ಅರ್ಥ ಉಳಿಯುವುದಿಲ್ಲ.